ಲಾರಿಗೆ ಗಾಳಿ ಹಿಡಿದಾಗ

ಡೀಸೆಲ್ ಪಂಪ್‌ಸೆಟ್ಟಿನಿಂದ ತೋಟಕ್ಕೆ ನೀರು ಹಾಯಿಸುತ್ತಿದ್ದ ಕಾಲದಲ್ಲಿ ನಮ್ಮ ಮನೆಯ ಮಕ್ಕಳಿಗೆಲ್ಲ ಬಾಯಿಪಾಠವಾಗಿದ್ದ ಒಂದು ಅಪ್ಪಣೆ ಇತ್ತು: ‘ಟ್ಯಾಂಕು ಪೂರ್ತಿ ಒಣಗೋಕೆ ಬಿಡಬೇಡ್ರೋ, ಏರ್ ಹಿಡಿಯುತ್ತೆ.’ ನಾವು ಬಿಡುತ್ತಿದ್ದೆವು. ಡುಗುಡುಗು ಸದ್ದು ನಿಂತಾಗಲೇ ನೆನಪಾಗುತ್ತಿದ್ದದ್ದು. ಆಮೇಲೆ ಕ್ಯಾನುಗಟ್ಟಲೆ ಡೀಸೆಲ್ ಸುರಿದರೂ, ಹ್ಯಾಂಡಲ್ ಹೊಡೆದು ಹೊಡೆದು ದೊಡ್ಡಪ್ಪನ ಬನಿಯನ್ನು ತೊಯ್ದು ತೊಪ್ಪೆಯಾದರೂ, ಜಪ್ಪಯ್ಯ ಅಂದರೂ ಎಂಜಿನ್ ಹತ್ತುತ್ತಿರಲಿಲ್ಲ. ಅದೇ ಪಕ್ಕದ ಮನೆಯವರ ಲೂನಾದಲ್ಲಿ ಪೆಟ್ರೋಲ್ ಮುಗಿದರೆ ಇಷ್ಟೆಲ್ಲ ರಾದ್ಧಾಂತವಿಲ್ಲ. ಬಾಟಲಿಯಲ್ಲಿ ತಂದು ಸುರಿದು, ನಾಲ್ಕು ಸಲ ಪೆಡಲ್ ತುಳಿದರೆ ಆಯಿತು.

ಕೊನೆಗೆ ಊರಿನ ಮೆಕ್ಯಾನಿಕ್ ಬರುತ್ತಿದ್ದ. ಒಂದು ನಟ್ ಅರ್ಧ ಸುತ್ತು ಸಡಿಲಿಸಿ, ಪುಟ್ಟ ಕೈಪಂಪೊಂದನ್ನು ಒತ್ತುತ್ತಾ ಕೂರುತ್ತಿದ್ದ. ನಟ್ಟಿನ ಸಂದಿನಿಂದ ಮೊದಲು ಸೋಪಿನ ನೊರೆಯಂಥದ್ದು ಬರುತ್ತಿತ್ತು, ಆಮೇಲೆ ಗುಳ್ಳೆ, ಆಮೇಲೆ ತಿಳಿ ಡೀಸೆಲ್. ನಟ್ ಬಿಗಿದು ‘ಹೊಡೀರಿ ಈಗ’ ಅನ್ನುತ್ತಿದ್ದ. ಒಂದೇ ಹೊಡೆತಕ್ಕೆ ಎಂಜಿನ್ ಹತ್ತುತ್ತಿತ್ತು.

ಮನುಷ್ಯರಿಗೆ ಗಾಳಿ ಸೋಕಿದರೆ ಬೇವಿನ ಸೊಪ್ಪು ಹಿಡಿದು ಬಿಡಿಸುವವರಿದ್ದಾರೆ. ಎಂಜಿನ್ನಿಗೆ ಹಿಡಿದ ಗಾಳಿಯನ್ನು ಈತ ಸ್ಪ್ಯಾನರ್ ಹಿಡಿದು ಬಿಡಿಸುತ್ತಿದ್ದ, ಅಷ್ಟೇ ವ್ಯತ್ಯಾಸ ಎಂದು ನಾನು ಬಹಳ ವರ್ಷ ನಂಬಿದ್ದೆ. ಗಾಳಿಯಿಲ್ಲದೆ ಯಾವ ಎಂಜಿನ್ನೂ ಉಸಿರಾಡದು. ಹಾಗಿದ್ದ ಮೇಲೆ ಕೊಳವೆಯಲ್ಲಿ ಸಿಕ್ಕಿಕೊಂಡ ಒಂದು ಚಿಟಿಕೆ ಗಾಳಿ ಅದರ ಕತ್ತು ಹಿಸುಕುವುದು ಹೇಗೆ? ಈ ಪ್ರಶ್ನೆಗೆ ಉತ್ತರ ನನಗೆ ಸರಿಯಾಗಿ ದಕ್ಕಿದ್ದು ತೋಟದಲ್ಲಲ್ಲ, ಅಮೆರಿಕದ ಮಿಷಿಗನ್ನಿನ ನವೆಂಬರ್ ಚಳಿಯಲ್ಲಿ, ಸೈನ್ಯ ಹರಾಜು ಹಾಕಿದ ಲಾರಿಯೊಂದರ ಬಾನೆಟ್ಟಿನೊಳಗೆ ತಲೆ ತೂರಿಸಿದಾಗ.

ಬೀಗದ ಕೈಯಿಲ್ಲದ ಲಾರಿ

ನನ್ನ ತಂಗಿಯ ಮಗ ಅಲ್ಲಿ ಬ್ಯಾಟರಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುತ್ತಾನೆ. ದಿನವಿಡೀ ಸದ್ದಿಲ್ಲದ ಕಾರುಗಳ ಜೊತೆ ಇರುವುದಕ್ಕೆ ಪರಿಹಾರವೋ ಏನೋ, ಮನೆಯ ಹಿತ್ತಲಿಗೆ ಸುಮಾರು ಆರು ಟನ್ ತೂಕದ ಹಸಿರು ರಾಕ್ಷಸನನ್ನು ತಂದು ನಿಲ್ಲಿಸಿದ್ದ. ಹೆಸರು ಎಂ35ಎ2. ಅಮೆರಿಕದ ಸೈನಿಕರ ಬಾಯಲ್ಲಿ ಅದು ‘ಡ್ಯೂಸ್ ಅಂಡ್ ಎ ಹಾಫ್’, ಅಂದರೆ ಎರಡೂವರೆ. ರಸ್ತೆಯಿಲ್ಲದ ಕಡೆಯೂ ಎರಡೂವರೆ ಟನ್ ಹೊರುವ, ಹತ್ತೂ ಚಕ್ರಕ್ಕೆ ಎಂಜಿನ್ನಿನ ಬಲ ಹರಿಯುವ ಲಾರಿ. ಇದರ ಮೂಲ ವಿನ್ಯಾಸ ಹುಟ್ಟಿದ್ದು ಅದೇ ಮಿಷಿಗನ್ನಿನ ಲ್ಯಾನ್ಸಿಂಗ್‌ನಲ್ಲಿ, ರಿಯೋ ಕಂಪನಿಯಲ್ಲಿ. ವಿಯೆಟ್ನಾಮಿನ ಕೆಸರಿನಲ್ಲಿ ಹೂತು ಎದ್ದು ಬಂದ ಈ ಜಾತಿಯ ಲಾರಿಗಳು ಸೈನ್ಯಕ್ಕೆ ಹಳತಾದ ಮೇಲೆ ಹಳ್ಳಿಗಳ ಅಗ್ನಿಶಾಮಕ ದಳಗಳಿಗೆ, ರೈತರಿಗೆ, ನನ್ನ ಅಳಿಯನಂಥ ಶೋಕಿದಾರರಿಗೆ ಹೋದವು.

ನಮ್ಮಲ್ಲೂ ಇದಕ್ಕೆ ದಾಯಾದಿಗಳಿದ್ದಾರೆ. ಮಲೆನಾಡಿನಲ್ಲಿ ದಿಮ್ಮಿ ಸಾಗಿಸುತ್ತಿದ್ದ ಹಳೆ ಮಿಲಿಟರಿ ಲಾರಿಗಳನ್ನು ನೋಡಿದವರಿಗೆ ಆ ಮೊಂಡು ಮೂತಿ ನೆನಪಿರಬಹುದು. ಜಬಲ್‌ಪುರದಲ್ಲಿ ತಯಾರಾಗುತ್ತಿದ್ದ ಶಕ್ತಿಮಾನ್, ಜರ್ಮನಿಯ ಮಾನ್ ಕಂಪನಿಯಿಂದ ಪರವಾನಗಿ ಪಡೆದು ಮಾಡಿದ್ದು. ಎಂ35ಎ2ರ ಎಂಜಿನ್ನಿನಲ್ಲಿ ಇಂಧನ ಉರಿಯುವ ರೀತಿಯೂ ಅದೇ ಮಾನ್ ಕಂಪನಿಯ ಎಂಜಿನಿಯರುಗಳ ಕಲ್ಪನೆ. ಇಬ್ಬರ ಅಜ್ಜನ ಮನೆಯೂ ಒಂದೇ ಅನ್ನಿ.

ಈ ಲಾರಿಗೆ ಬೀಗದ ಕೈಯಿಲ್ಲ. ಗುಂಡು ಹಾರುವ ಹೊತ್ತಿನಲ್ಲಿ ಕೀಲಿ ಹುಡುಕುತ್ತಾ ಕೂರಲಾಗದಲ್ಲ. ಡ್ಯಾಶ್‌ಬೋರ್ಡಿನ ಒಂದು ಸ್ವಿಚ್ಚು ತಿರುಗಿಸಿ ಗುಂಡಿ ಒತ್ತಿದರೆ ಸೆಲ್ಫ್ ಹೊಡೆಯುತ್ತದೆ. ನಿಲ್ಲಿಸಲು ಬೇರೆ ವ್ಯವಸ್ಥೆ: ಒಂದು ಹಿಡಿಯನ್ನು ಹೊರಕ್ಕೆಳೆಯಬೇಕು. ಅದು ಪಂಪಿನಲ್ಲಿ ಡೀಸೆಲ್ಲನ್ನು ಕಟ್ಟುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡವಾದ್ದರಿಂದ, ಒಮ್ಮೆ ಹತ್ತಿದ ಮೇಲೆ ಸ್ವಿಚ್ಚು ಆರಿಸಿದರೂ ಅದು ಕ್ಯಾರೇ ಅನ್ನುವುದಿಲ್ಲ. ಊಟ ನಿಲ್ಲಿಸಿದರೆ ಮಾತ್ರ ನಿಲ್ಲುತ್ತದೆ.

ನಾನು ಹೋದ ವಾರ ಅದು ಹತ್ತುತ್ತಲೇ ಇರಲಿಲ್ಲ.

‘ಹೋದ ತಿಂಗಳು ಚೆನ್ನಾಗೇ ಓಡ್ತಿತ್ತು ಮಾವ. ಫಿಲ್ಟರ್ ಬದಲಾಯಿಸಿದೆ ಅಷ್ಟೇ.’

‘ಅಷ್ಟೇ’ ಅನ್ನುವ ಪದವನ್ನು ಮೆಕ್ಯಾನಿಕ್ಕುಗಳು ಯಾಕೆ ನಂಬುವುದಿಲ್ಲ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಸೈಕಲ್ ಪಂಪಿನೊಳಗಿನ ಕೆಂಡ

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದು ಎಲ್ಲರಿಗೂ ಗೊತ್ತು. ವಾಷರ್ ಉಜ್ಜಿ ಬಿಸಿಯಾಯಿತು ಅಂದುಕೊಳ್ಳುತ್ತೇವೆ. ಅದು ಸ್ವಲ್ಪ ಮಾತ್ರ ನಿಜ. ಬಹುಪಾಲು ಬಿಸಿ ಬರುವುದು ಗಾಳಿಯನ್ನು ಹಿಸುಕಿದ್ದರಿಂದ. ಗಾಳಿಯ ಕಣಗಳು ಸದಾ ಓಡಾಡುತ್ತಲೇ ಇರುತ್ತವೆ. ಅವುಗಳ ಕಡೆ ನುಗ್ಗಿ ಬರುವ ಗೋಡೆಗೆ ಬಡಿದಾಗ, ಬೀಸಿ ಬಂದ ಬ್ಯಾಟಿಗೆ ತಗುಲಿದ ಚೆಂಡಿನ ಹಾಗೆ, ಬಂದದ್ದಕ್ಕಿಂತ ಜೋರಾಗಿ ಹಿಂದಿರುಗುತ್ತವೆ. ಕಣಗಳ ಓಟ ಹೆಚ್ಚಾಯಿತೆಂದರೆ ಬಿಸಿ ಹೆಚ್ಚಾಯಿತೆಂದೇ ಅರ್ಥ. ಹೀಗೆ ಒತ್ತಿದ್ದರಿಂದ ಹುಟ್ಟುವ ಬಿಸಿಯನ್ನು ಈ ಅಧ್ಯಾಯದ ಮಟ್ಟಿಗೆ ‘ಒತ್ತುಗಾವು’ ಎಂದು ಕರೆಯೋಣ.

ಆಗ್ನೇಯ ಏಷ್ಯಾದ ಜನ ಇದನ್ನು ಬೆಂಕಿಪೆಟ್ಟಿಗೆ ಬರುವ ಮುಂಚೆಯೇ ಬಳಸುತ್ತಿದ್ದರು. ಬಿದಿರಿನ ಅಥವಾ ಕೊಂಬಿನ ಗಿಡ್ಡ ಕೊಳವೆ, ಅದಕ್ಕೆ ಬಿಗಿಯಾಗಿ ಕೂರುವ ಒಂದು ಕೋಲು, ಕೋಲಿನ ತುದಿಯಲ್ಲಿ ಒಂದು ಚೂರು ಒಣ ನಾರು. ಅಂಗೈಯಿಂದ ಕೋಲನ್ನು ಫಟ್ಟನೆ ಒಳಗೆ ಬಡಿದು ಹೊರಗೆಳೆದರೆ ನಾರು ಕೆಂಡವಾಗಿರುತ್ತಿತ್ತು. ಇಂಥದ್ದೊಂದು ಕೊಳವೆಯನ್ನು ನೋಡಿಯೇ ರುಡಾಲ್ಫ್ ಡೀಸೆಲ್‌ಗೆ ತನ್ನ ಎಂಜಿನ್ನಿನ ಆಲೋಚನೆ ಹೊಳೆಯಿತು ಅನ್ನುವ ಕಥೆಯೂ ಇದೆ. ಕಥೆ ಹೇಗೇ ಇರಲಿ, ಆತನ ಎಂಜಿನ್ ಮಾಡುವ ಕೆಲಸ ಅದೇ. 1893ರ ಆಗಸ್ಟಿನಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಮೊದಲ ಮಾದರಿಗೆ ಇಂಧನ ಹಾಕಿದಾಗ ಒತ್ತಡ ಅಳೆಯುವ ಉಪಕರಣವೇ ಸಿಡಿದು ಹೋಯಿತು. ಡೀಸೆಲ್‌ಗೆ ಅದು ಸೋಲಾಗಿ ಕಾಣಲಿಲ್ಲ. ಕಿಡಿಯಿಲ್ಲದೆ ಬೆಂಕಿ ಹೊತ್ತಿದ್ದಂತೂ ಖಚಿತವಾಯಿತಲ್ಲ! 1897ರ ಹೊತ್ತಿಗೆ ಆತನ ಎಂಜಿನ್ ಇಂಧನದ ಶಕ್ತಿಯಲ್ಲಿ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚನ್ನು ಕೆಲಸವಾಗಿಸುತ್ತಿತ್ತು. ಉಗಿ ಎಂಜಿನ್ನುಗಳಿಗೆ ಅದು ಕನಸಿನ ಮಾತು. ಅದನ್ನು ಕಟ್ಟಿದ ಕಾರ್ಖಾನೆಯೇ ಮುಂದೆ ಮಾನ್ ಕಂಪನಿಯಾಯಿತು.

ನಮ್ಮ ಲಾರಿಯ ಆರು ಸಿಲಿಂಡರುಗಳಲ್ಲಿ ಒಂದೊಂದೂ ಒಂದು ಗುಟುಕಿಗೆ ಸುಮಾರು ಒಂದೂಕಾಲು ಲೀಟರಿನಷ್ಟು ಗಾಳಿ ಎಳೆದುಕೊಳ್ಳುತ್ತದೆ. ಪಿಸ್ಟನ್ ಮೇಲೇರಿ ಅದನ್ನು 22ರಲ್ಲಿ ಒಂದು ಪಾಲಿಗೆ ಹಿಸುಕುತ್ತದೆ. ದೊಡ್ಡ ನೀರಿನ ಬಾಟಲಿಯಷ್ಟು ಗಾಳಿಯನ್ನು ಬೈಟು ಕಾಫಿಯ ಲೋಟಕ್ಕೆ ತುರುಕಿದ ಹಾಗೆ. ಬೆಚ್ಚನೆಯ ದಿನದಲ್ಲಿ ಆ ಲೋಟದೊಳಗಿನ ಬಿಸಿ 450 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಲಿಗೆ ಡೀಸೆಲ್ಲನ್ನು ತುಂತುರಾಗಿ ಚಿಮ್ಮಿಸಿದರೆ ಕಡ್ಡಿ ಗೀರುವವರು ಬೇಕಿಲ್ಲ.

ಈ ಲಾರಿಗೆ 22 ಪಟ್ಟು ಹಿಸುಕುವ ಹಟ ಏಕೆ ಅಂದರೆ, ಸೈನ್ಯಕ್ಕೆ ಸಿಕ್ಕಿದ್ದೆಲ್ಲ ತಿನ್ನುವ ಎಂಜಿನ್ ಬೇಕಿತ್ತು. ಡೀಸೆಲ್, ಸೀಮೆಎಣ್ಣೆ, ವಿಮಾನದ ಎಣ್ಣೆ, ತೀರಾ ಗತಿಯಿಲ್ಲದಿದ್ದರೆ ಪೆಟ್ರೋಲೂ ಆದೀತು. ಪೆಟ್ರೋಲು ಒತ್ತುಗಾವಿಗೆ ಸುಲಭವಾಗಿ ಹೊತ್ತುವುದಿಲ್ಲ, ಅದಕ್ಕೇ ಅಷ್ಟು ಜೋರು ಒತ್ತು. ಈ ಸರ್ವಭಕ್ಷಕ ಗುಣವನ್ನು ನಂಬಿ ಈಗಿನ ಮಾಲೀಕರು ಬಳಸಿ ಬಿಸಾಡಿದ ಎಂಜಿನ್ ಆಯಿಲ್ಲನ್ನೂ ಸೋಸಿ ಸುರಿಯುತ್ತಾರೆ. ಓಡುತ್ತದೆ ನಿಜ, ಫಿಲ್ಟರುಗಳು ಮಾತ್ರ ಬೇಗ ಕಟ್ಟಿಕೊಳ್ಳುತ್ತವೆ. ನನ್ನ ಅಳಿಯನೂ ಆ ಪಂಗಡದವನೇ. ಅದಕ್ಕೇ ಫಿಲ್ಟರ್ ಬದಲಾಯಿಸಬೇಕಾಗಿ ಬಂದದ್ದು.

ಮೆಲ್ಲಗೆ ಒತ್ತಿದರೆ ಬೆಂಕಿಯಿಲ್ಲ

ಮೊದಲ ಬೆಳಿಗ್ಗೆ ಗುಂಡಿ ಒತ್ತಿದಾಗ ಲಾರಿ ನಿದ್ದೆಗಣ್ಣಿನಲ್ಲಿ ಮಗ್ಗುಲು ಬದಲಿಸಿದ ಹಾಗೆ ಒಂದೆರಡು ಸುತ್ತು ‘ಊಂ... ಊಂ...’ ಅಂದು ಸುಮ್ಮನಾಯಿತು. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ.

‘ತಿರುಗ್ತಾ ಇದೆಯಲ್ಲ ಮಾವ, ಬ್ಯಾಟರಿ ಸರಿ ಇದೆ. ಲೈಟೂ ಉರೀತಿದೆ ನೋಡಿ.’

ಇಲ್ಲಿ ತೋಟದ ಪಂಪ್‌ಸೆಟ್ಟು ನೆನಪಾಯಿತು. ಕಿರ್ಲೋಸ್ಕರ್ ಎಂಜಿನ್ನಿಗೆ ಹ್ಯಾಂಡಲ್ ಹೊಡೆಯುವವರು ತಲೆಯ ಮೇಲಿನ ಪುಟ್ಟ ಲಿವರನ್ನು ಮೊದಲು ಎತ್ತಿ ಹಿಡಿಯುತ್ತಿದ್ದರು. ಆಗ ಗಾಳಿ ಹೊರಹೋಗಲು ದಾರಿ ತೆರೆದಿರುವುದರಿಂದ ಚಕ್ರ ಹಗುರವಾಗಿ ತಿರುಗುತ್ತದೆ. ಚಕ್ರಕ್ಕೆ ಬಿರುಸು ಬಂದ ಮೇಲೆ ಲಿವರ್ ಬಿಡುತ್ತಾರೆ. ‘ಡುಗ್!’ ಲಿವರ್ ಎತ್ತದೆ ಇಬ್ಬರು ಸೇರಿ ಮುಕ್ಕಿರಿದು ಹ್ಯಾಂಡಲ್ಲನ್ನು ನಿಧಾನವಾಗಿ ಪೂರ್ತಿ ಸುತ್ತು ತಿರುಗಿಸಿದರೂ ಎಂಜಿನ್ ಹತ್ತುವುದಿಲ್ಲ. ಒತ್ತಿದ್ದು ಅಷ್ಟೇ, ಗಾಳಿಯೂ ಅಷ್ಟೇ, ಆದರೂ ಬೆಂಕಿಯಿಲ್ಲ. ಒತ್ತುಗಾವು ಹುಟ್ಟುತ್ತಿದ್ದ ಹಾಗೇ ತಣ್ಣನೆಯ ಕಬ್ಬಿಣದ ಗೋಡೆ ಅದನ್ನು ಕುಡಿದುಬಿಡುತ್ತದೆ. ಪಿಸ್ಟನ್ ಉಂಗುರಗಳ ಸಂದಿನಲ್ಲಿ ಒಂದಷ್ಟು ಗಾಳಿಯೂ ನುಸುಳಿ ಹೋಗುತ್ತದೆ. ತಳ ತೂತಾದ ಕೊಡದಲ್ಲಿ ಬಾವಿಯಿಂದ ನೀರು ಸೇದುವ ಹಾಗೆ: ಬೇಗ ಎಳೆದರೆ ಅರ್ಧ ಕೊಡವಾದರೂ ಸಿಕ್ಕೀತು, ನಿಧಾನಿಸಿದರೆ ಖಾಲಿ.

ನಮ್ಮ ಲಾರಿಯ ಎಂಜಿನ್ನನ್ನು ಸೆಲ್ಫ್ ನಿಮಿಷಕ್ಕೆ 150 ಸುತ್ತು ತಿರುಗಿಸಿದರೆ ಒಂದು ಹಿಸುಕಿಗೆ ತಗಲುವುದು ಸೆಕೆಂಡಿನ ಐದರಲ್ಲೊಂದು ಪಾಲು. 60 ಸುತ್ತಿಗೆ ಇಳಿದರೆ ಅರ್ಧ ಸೆಕೆಂಡು. ಆ ಚಳಿಯಲ್ಲಿ ಮೊದಲನೆಯದರಿಂದ ಸುಮಾರು 400 ಡಿಗ್ರಿ ಬಿಸಿ ಸಿಕ್ಕಬಹುದು, ಎರಡನೆಯದರಿಂದ 200ರ ಆಸುಪಾಸು. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಸಾವಕಾಶವಿದ್ದಾಗಲೇ ಸುಮಾರು 210 ಡಿಗ್ರಿ ಬೇಕು. ಸಿಲಿಂಡರಿನಲ್ಲಿ ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು, ಹಾಗಾಗಿ ಅದಕ್ಕಿಂತ ಬಹಳ ಹೆಚ್ಚೇ ಇರಬೇಕು. ‘ತಿರುಗುತ್ತಿದೆ’ ಅನ್ನುವುದು ಸಾಲದು, ಬಿರುಸಾಗಿ ತಿರುಗಬೇಕು.

ಬ್ಯಾಟರಿಗಳಿರುವುದು ಬಲಗಡೆ ಬಾಗಿಲಿನ ಕೆಳಗಿನ ಪೆಟ್ಟಿಗೆಯಲ್ಲಿ. 12 ವೋಲ್ಟಿನ ಎರಡು ಬ್ಯಾಟರಿ, ಒಂದರ ಹಿಂದೊಂದು ಜೋಡಿಸಿ 24 ವೋಲ್ಟ್. ಒಂದೇ ನೊಗದ ಎರಡು ಎತ್ತು. ಒಂದು ಕುಂಟಿದರೆ ಇನ್ನೊಂದು ಎಷ್ಟೇ ಗಟ್ಟಿಯಿದ್ದರೂ ಗಾಡಿ ಮುಂದೆ ಹೋಗದು. ದೀಪಕ್ಕೆ ಬೇಕಾದದ್ದು ಬೆರಳೆಣಿಕೆಯ ಆಂಪಿಯರ್, ಸೆಲ್ಫಿಗೆ ಬೇಕಾದದ್ದು ನೂರಾರು. ಹಾಗಾಗಿ ಲೈಟು ಉರಿಯುವುದು ಯಾವ ಪುರಾವೆಯೂ ಅಲ್ಲ. ಗುಂಡಿ ಒತ್ತಿ ಹಿಡಿದಾಗಲೇ ಒಂದೊಂದು ಬ್ಯಾಟರಿಗೂ ಮೀಟರ್ ಹಿಡಿದು ನೋಡಬೇಕು. ನೋಡಿದೆವು. ಒಂದು 11ರಲ್ಲಿ ನಿಂತಿತ್ತು, ಇನ್ನೊಂದು 6ಕ್ಕೆ ಕುಸಿಯಿತು. ಟರ್ಮಿನಲ್ಲಿನ ಮೇಲೆ ಹಸಿರು ಬೂಷ್ಟು ಬೇರೆ. ಅದನ್ನು ಕೆರೆದು, ಕುಂಟ ಎತ್ತನ್ನು ಬದಲಾಯಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.

ಅಷ್ಟರಲ್ಲಿ ಅಳಿಯ ಅಂಗಡಿಯಿಂದ ಈಥರ್ ತುಂಬಿದ ಸ್ಪ್ರೇ ಡಬ್ಬಿಯನ್ನೂ ತಂದಿದ್ದ. ಎಂಜಿನ್ ಉಸಿರೆಳೆಯುವ ಬಾಯಿಗೆ ಹೊಡೆದರೆ ಥಟ್ಟನೆ ಹತ್ತುತ್ತದಂತೆ. ನಾನು ಡಬ್ಬಿಯನ್ನು ಕಿತ್ತಿಟ್ಟುಕೊಂಡೆ. ಈಥರ್ ಡೀಸೆಲ್‌ಗಿಂತ ಬಹಳ ಕಡಿಮೆ ಬಿಸಿಗೇ ಹೊತ್ತುತ್ತದೆ, ಅದೇ ಅದರ ಕಂಟಕ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸಿಡಿದು ಅದರ ನೆತ್ತಿಗೆ ಗುದ್ದುತ್ತದೆ. ಉಂಗುರಗಳು ಮುರಿದದ್ದುಂಟು. ಸಾಲದ್ದಕ್ಕೆ ಈ ಲಾರಿಗೆ ಚಳಿಯಲ್ಲಿ ಒಳಬರುವ ಗಾಳಿಯನ್ನು ಬೆಚ್ಚಗೆ ಮಾಡಲೆಂದೇ ಪುಟ್ಟ ಜ್ವಾಲೆಯೊಂದನ್ನು ಉರಿಸುವ ಸಲಕರಣೆಯಿದೆ. ಜ್ವಾಲೆಯ ಮೇಲೆ ಈಥರ್ ಹೊಡೆದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಹೊಗೆ ಹೇಳುವ ಸಮಾಚಾರ

ಈಗ ಲಾರಿ ಬಿರುಸಾಗಿ ತಿರುಗಿತು. ಆದರೆ ಹತ್ತಲಿಲ್ಲ. ಕ್ಯಾಬಿನ್ನಿನ ಪಕ್ಕದಲ್ಲಿ ಒನಕೆಯ ಹಾಗೆ ಎದ್ದು ನಿಂತ ಹೊಗೆ ಕೊಳವೆಯನ್ನೇ ನಾನು ನೋಡುತ್ತಿದ್ದೆ. ಒಂದು ಎಳೆ ಹೊಗೆಯೂ ಬರಲಿಲ್ಲ.

ನಾಡಿ ಹಿಡಿಯುವ ವೈದ್ಯರಂತೆ ಹೊಗೆ ನೋಡಿ ಹೇಳುವ ಮೆಕ್ಯಾನಿಕ್ಕುಗಳಿದ್ದಾರೆ, ಅದರಲ್ಲಿ ಮಂತ್ರವೇನಿಲ್ಲ. ತಿರುಗಿಸುವಾಗ ಬಿಳಿ ಹೊಗೆ ಬಂದರೆ ಅದು ನಿಜದಲ್ಲಿ ಹೊಗೆಯಲ್ಲ, ಉರಿಯದೆ ಆವಿಯಾಗಿ ಹೊರಬಂದ ಡೀಸೆಲ್. ಅಂದರೆ ಇಂಧನ ಸಿಲಿಂಡರಿಗೆ ತಲುಪಿದೆ, ಕಾವು ಸಾಲದಾಗಿದೆ. ಗಾಳಿಯೆಳೆಯುವ ದಾರಿ ಕಟ್ಟಿದ್ದರೆ, ವರ್ಷಗಟ್ಟಲೆ ನಿಂತ ಲಾರಿಗಳಲ್ಲಿ ಇಲಿ ಗೂಡು ಕಟ್ಟಿರುವುದೂ ಉಂಟು, ಎಣ್ಣೆ ಹೆಚ್ಚು ಗಾಳಿ ಕಡಿಮೆಯಾಗಿ ಕಪ್ಪು ಹೊಗೆ ಬರುತ್ತದೆ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಸಿಲಿಂಡರನ್ನು ಮುಟ್ಟಿಯೇ ಇಲ್ಲ.

ಅಳಿಯ ಫೋನಿನಲ್ಲಿ ಸೈನ್ಯದ ಕೈಪಿಡಿ ತೆರೆದ. ಟಿಎಂ 9-2320-209, ದಪ್ಪ ಗ್ರಂಥ. (ಅಮೆರಿಕದ ಸೈನ್ಯ ಬರೀ ಕೈಪಿಡಿ ಸಾಲದೆಂದು ಲಾರಿ ನಿಗಾ ಮಾಡುವುದನ್ನು ಕಲಿಸಲು 1951ರಿಂದ ಒಂದು ಕಾಮಿಕ್ ಪತ್ರಿಕೆಯನ್ನೇ ನಡೆಸಿತು. ಚಿತ್ರ ಬರೆದವನು ವಿಲ್ ಐಸ್ನರ್. ನಮ್ಮ ಕೃಷಿ ಇಲಾಖೆಯ ಕರಪತ್ರಗಳನ್ನು ನೋಡಿದಾಗೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ.) ನಾನು ಕ್ಯಾಬಿನ್ನಿನಲ್ಲಿ ಬಗ್ಗಿ ನೋಡಿದೆ. ಎಂಜಿನ್ ನಿಲ್ಲಿಸುವ ಹಿಡಿ ಹೊರಕ್ಕೆ ಎಳೆದೇ ಇತ್ತು. ಹೋದ ತಿಂಗಳು ಲಾರಿ ನಿಲ್ಲಿಸಿದವನು ಅದನ್ನು ವಾಪಸ್ಸು ಒಳಗೆ ತಳ್ಳಿರಲಿಲ್ಲ. ಇಷ್ಟು ಹೊತ್ತು ನಾವು ಬಾಯಿ ಹೊಲಿದ ಎಂಜಿನ್ನಿಗೆ ಊಟ ಮಾಡು ಅನ್ನುತ್ತಿದ್ದೆವು.

ಅಳಿಯ ಕೆಂಪಗಾದ. ಹಿಡಿ ತಳ್ಳಿದೆವು, ಗುಂಡಿ ಒತ್ತಿದೆವು. ಆಗಲೂ ಹೊಗೆಯಿಲ್ಲ.

ಕೊತ್ತಂಬರಿ ಕಾಳಿನ ಲೆಕ್ಕ

ಹಾಗಾದರೆ ಡೀಸೆಲ್ ಎಲ್ಲಿ ನಿಂತಿದೆ? ಅದು ನಡೆಯಬೇಕಾದ ದಾರಿ ಉದ್ದ. ಟ್ಯಾಂಕಿನಿಂದ ರಬ್ಬರ್ ಹೋಸು, ಫಿಲ್ಟರ್ ಡಬ್ಬಿಗಳು, ಅಲ್ಲಿಂದ ಮುಖ್ಯ ಪಂಪು, ಪಂಪಿನಿಂದ ಆರು ಸಿಲಿಂಡರಿಗೆ ಆರು ಸಣ್ಣ ಉಕ್ಕಿನ ಕೊಳವೆ, ಪ್ರತಿ ಕೊಳವೆಯ ತುದಿಯಲ್ಲಿ ನಾಜಲ್. ಈ ಮುಖ್ಯ ಪಂಪನ್ನು ‘ಚಿಮ್ಮುಪಂಪು’ ಅನ್ನೋಣ, ಗ್ಯಾರೇಜಿನವರು ಎಫ್‌ಐ ಪಂಪ್ ಅನ್ನುತ್ತಾರೆ. ನಮ್ಮ ಕಡೆ ಮೈಕೋ ಪಂಪ್ ಅಂದರೇ ಬೇಗ ಅರ್ಥವಾಗುವುದು. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ, ಆಡುಗೋಡಿಯ ಕಾರ್ಖಾನೆಯಲ್ಲಿ ಜರ್ಮನಿಯ ಬಾಷ್‌ನ ಸಹಯೋಗದಲ್ಲಿ ಇಂಥ ಪಂಪುಗಳನ್ನೂ ನಾಜಲ್ಲುಗಳನ್ನೂ ಮಾಡಿ ದೇಶಕ್ಕೆಲ್ಲ ಹಂಚಿತು. ಮೈಕೋ ಲೇಔಟಿನಲ್ಲಿ ಬಾಡಿಗೆಗಿರುವ ಎಷ್ಟೋ ಮಂದಿಗೆ ಆ ಹೆಸರು ಎಲ್ಲಿಂದ ಬಂತೆಂದು ಗೊತ್ತಿರಲಿಕ್ಕಿಲ್ಲ.

ಚಿಮ್ಮುಪಂಪಿನ ಹೃದಯ ಒಂದು ಉಕ್ಕಿನ ಕಡ್ಡಿ, ಅದು ಓಡಾಡುವ ಒಂದು ತೂತು. ಇವೆರಡರ ನಡುವಿನ ಸಂದು ತಲೆಗೂದಲಿನ ದಪ್ಪದ ಇಪ್ಪತ್ತರಲ್ಲೊಂದು ಪಾಲು. ರಬ್ಬರ್ ವಾಷರ್ ಇಲ್ಲ, ಬಿಗಿ ಬರೀ ನಯದಿಂದ. ಇಂಥದ್ದನ್ನು ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ಮಾಡುವುದು ಗೊತ್ತಿಲ್ಲದ್ದರಿಂದಲೇ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನಿಗೆ ಇಂಧನವನ್ನು ಹಿಸುಕಿದ ಗಾಳಿಯಿಂದ ಊದಿಸಬೇಕಾಯಿತು. ಊದುವ ಯಂತ್ರವೇ ದೊಡ್ಡದಾಗಿ ಎಂಜಿನ್ ಲಾರಿಗೆ ಹಿಡಿಸುವಂತಿರಲಿಲ್ಲ. ಡೀಸೆಲ್ ಎಂಜಿನ್ ಲಾರಿ ಹತ್ತಿದ್ದು 1920ರ ದಶಕದಲ್ಲಿ. 1927ರಲ್ಲಿ ಬಾಷ್ ಚಿಮ್ಮುಪಂಪುಗಳನ್ನು ಸಾಲಾಗಿ ತಯಾರಿಸತೊಡಗಿದ ಮೇಲೆ ಹಿಂತಿರುಗಿ ನೋಡಲಿಲ್ಲ.

ನಾಜಲ್ಲಿನ ಬಾಯಿಗೆ ಗಟ್ಟಿ ಸ್ಪ್ರಿಂಗೊಂದು ಬೀಗ ಹಾಕಿ ಕೂತಿರುತ್ತದೆ. ಡೀಸೆಲ್‌ನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟಾದಾಗ ಮಾತ್ರ ಸ್ಪ್ರಿಂಗು ಮಣಿದು ಬಾಯಿ ತೆರೆಯುತ್ತದೆ. ಎರಡು ಕಿಲೋಮೀಟರ್ ಆಳದ ಸಮುದ್ರದಲ್ಲಿ ಇರುವ ಒತ್ತಡ ಅದು. ಅಷ್ಟಿಲ್ಲದಿದ್ದರೆ ಎಣ್ಣೆ ತೊಟ್ಟಿಕ್ಕುತ್ತದೆ, ತುಂತುರಾಗುವುದಿಲ್ಲ. ಇಷ್ಟೊಂದು ಒತ್ತಡವನ್ನು ಪಂಪು ಹುಟ್ಟಿಸಬೇಕಾದದ್ದು ಒಂದು ಸಲಕ್ಕೆ ಒಂದು ಕೊತ್ತಂಬರಿ ಕಾಳಿನಷ್ಟು ಡೀಸೆಲ್ ತಳ್ಳಿ.

ಕೊಳವೆಯಲ್ಲಿ ಬರೀ ಡೀಸೆಲ್ ಇದ್ದರೆ ಇದು ಕಷ್ಟವಲ್ಲ. ದ್ರವಗಳು ಬಗ್ಗುವ ಜಾತಿಯಲ್ಲ. 200 ಪಟ್ಟು ಒತ್ತಿದರೂ ಡೀಸೆಲ್ ಕುಗ್ಗುವುದು ನೂರಕ್ಕೆ ಒಂದೋ ಒಂದೂವರೆಯೋ ಪಾಲು. ಈ ತುದಿಯಲ್ಲಿ ಕಡ್ಡಿ ತಳ್ಳಿದರೆ ಆ ತುದಿಗೆ ಕಬ್ಬಿಣದ ಸಲಾಕೆಯಿಂದ ತಿವಿದ ಹಾಗೆ ತಾಗುತ್ತದೆ.

ಈಗ ಆ ದಾರಿಯಲ್ಲಿ ಎರಡು ಕೊತ್ತಂಬರಿ ಕಾಳಿನಷ್ಟು ದೊಡ್ಡ ಗಾಳಿಗುಳ್ಳೆ ಇದೆ ಅನ್ನಿ. ಪಂಪಿನ ಕಡ್ಡಿ ಒಂದು ಕಾಳಿನಷ್ಟು ಡೀಸೆಲ್ಲನ್ನು ತಳ್ಳುತ್ತದೆ. ಗುಳ್ಳೆ ವಿನಯದಿಂದ ಹಿಂದೆ ಸರಿದು ಜಾಗ ಬಿಡುತ್ತದೆ. ಎರಡು ಕಾಳಿನಷ್ಟಿದ್ದದ್ದು ಒಂದು ಕಾಳಿನಷ್ಟಾಗುತ್ತದೆ. ಗಾಳಿ ಅರ್ಧಕ್ಕೆ ಕುಗ್ಗಿದರೆ ಒತ್ತಡ ಎರಡು ಪಟ್ಟಾಗುತ್ತದೆ. ಬೇಕಾಗಿದ್ದದ್ದು ಇನ್ನೂರು ಪಟ್ಟು, ಸಿಕ್ಕಿದ್ದು ಎರಡು. ನಾಜಲ್ಲಿನ ಸ್ಪ್ರಿಂಗಿಗೆ ಯಾರೋ ಬಾಗಿಲು ತಟ್ಟಿದರೆಂಬ ಸುಳಿವೂ ಇಲ್ಲ. ಕಡ್ಡಿ ಹಿಂದೆ ಸರಿದ ಕೂಡಲೇ ಗುಳ್ಳೆ ಮತ್ತೆ ಮೊದಲಿನಷ್ಟೇ ಉಬ್ಬುತ್ತದೆ. ಇಡೀ ದಿನ ಸೆಲ್ಫ್ ಹೊಡೆದರೂ ಇದೇ ಆಟ, ದಿಂಬಿಗೆ ಗುದ್ದಿದ ಹಾಗೆ. ಎಂ35ಎ2ರಲ್ಲಿ ಇನ್ನೂ ಒಂದು ಎಡವಟ್ಟು: ಅದರ ಚಿಮ್ಮುಪಂಪಿನಲ್ಲಿ ಆರೂ ಸಿಲಿಂಡರಿಗೆ ಸರದಿಯಂತೆ ಬಡಿಸುವುದು ಒಂದೇ ಕಡ್ಡಿ. ಅದರ ಬಾಯಿಗೆ ಗಾಳಿ ನುಗ್ಗಿದರೆ ಆರಕ್ಕೆ ಆರೂ ಉಪವಾಸ.

ಸಿಲಿಂಡರಿನಲ್ಲಿ ಬೆಂಕಿ ಹುಟ್ಟಿಸುವುದೂ, ಕೊಳವೆಯಲ್ಲಿ ಬೆಂಕಿ ಹುಟ್ಟದಂತೆ ತಡೆಯುವುದೂ ಗಾಳಿಯ ಒಂದೇ ಗುಣ: ಒತ್ತಿದರೆ ಕುಗ್ಗುತ್ತದೆ. ಪೆಟ್ರೋಲ್ ಲೂನಾಗೆ ಈ ಕಾಟವಿರಲಿಲ್ಲ, ಏಕೆಂದರೆ ಅಲ್ಲಿ ಎಣ್ಣೆಯನ್ನು ಯಾರೂ ತಳ್ಳುತ್ತಿರಲಿಲ್ಲ. ಅದು ಟ್ಯಾಂಕಿನಿಂದ ತಾನಾಗಿ ಇಳಿದು, ಕಾರ್ಬುರೇಟರಿನಲ್ಲಿ ಗಾಳಿಯ ಜೊತೆಗೇ ಎಳೆಸಿಕೊಂಡು ಹೋಗುತ್ತಿತ್ತು.

ಗಾಳಿ ಬಿಡಿಸುವುದು

ಅಳಿಯ ‘ಫಿಲ್ಟರ್ ಬದಲಾಯಿಸಿದೆ ಅಷ್ಟೇ’ ಅಂದಿದ್ದನಲ್ಲ. ಹೊಸ ಫಿಲ್ಟರನ್ನು ಡಬ್ಬಿಯಲ್ಲಿ ಒಣದಾಗಿ ಕೂರಿಸಿ ಮುಚ್ಚಿದ್ದ. ಡಬ್ಬಿ ತುಂಬ ಗಾಳಿ. ಅವನು ಗುಂಡಿ ಒತ್ತಿದ ಒಂದೊಂದು ಸಲವೂ ಆ ಗಾಳಿ ಮುಂದಕ್ಕೆ, ಪಂಪಿನೊಳಕ್ಕೆ ಸರಿದಿತ್ತು.

ಫಿಲ್ಟರ್ ಡಬ್ಬಿಯ ತಳದ ಪುಟ್ಟ ನಲ್ಲಿ ತೆರೆದೆವು. ಮೊದಲು ಬಂದದ್ದು ಕಂದು ಬಣ್ಣದ ಲೋಳೆ. ಜನ ಇದನ್ನು ಪಾಚಿ ಅನ್ನುತ್ತಾರೆ, ಪಾಚಿಗೆ ಬೆಳಕು ಬೇಕು, ಟ್ಯಾಂಕಿನಲ್ಲಿ ಕತ್ತಲೆ. ಇದು ಬ್ಯಾಕ್ಟೀರಿಯಾ, ಬೂಷ್ಟುಗಳ ಸಂಸಾರ. ಟ್ಯಾಂಕಿನ ತಳದಲ್ಲಿ ಸೇರುವ ನೀರಿನಲ್ಲಿ ವಾಸ, ಮೇಲಿನ ಡೀಸೆಲ್‌ನಲ್ಲಿ ಊಟ. ಲೋಳೆ ಹೋದ ಮೇಲೆ ಕೈಯಿಂದ ಡೀಸೆಲ್ ತುಂಬಿಸಿ, ನೊರೆ ನಿಂತು ತಿಳಿ ಬರುವವರೆಗೆ ಬಿಟ್ಟು, ಬಿಗಿದೆವು. ಆಮೇಲೆ ನಾಜಲ್ಲುಗಳ ಬಳಿ ಉಕ್ಕಿನ ಕೊಳವೆಗಳ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಅಳಿಯನಿಗೆ ಕೂಗಿದೆ. ಅವನು ಸೆಲ್ಫ್ ಹೊಡೆದ.

ನಟ್ಟಿನ ಸಂದಿನಲ್ಲಿ ಏನೂ ಇಲ್ಲ. ಮತ್ತೆ ಹೊಡೆದ. ಒಂದು ಬಿಳಿ ನೊರೆಯ ಬೊಟ್ಟು ಉಬ್ಬಿ ಒಡೆಯಿತು, ‘ಪ್ಸಿಕ್’. ಇನ್ನೊಂದು ಸಣ್ಣದು. ಆಮೇಲೆ ಲಯ ಹಿಡಿದು ಚಿಮ್ಮತೊಡಗಿತು. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು: ಚಿಮ್ಮುವುದನ್ನು ಕಣ್ಣಿನಿಂದ ನೋಡಬೇಕೇ ಹೊರತು ಬೆರಳಿಟ್ಟು ನೋಡಬಾರದು. ಇಂಥ ಒತ್ತಡದ ಡೀಸೆಲ್ ಎಳೆ ಸೂಜಿಯಿಲ್ಲದ ಇಂಜೆಕ್ಷನ್ನು. ಚರ್ಮದಲ್ಲಿ ಕಾಣುವುದು ಸಾಸಿವೆಯಷ್ಟು ಗುರುತು, ಒಳಗೆ ಅಂಗಾಂಶವೇ ಕೊಳೆಯಬಹುದು. ನೇರ ಆಸ್ಪತ್ರೆಗೆ ಓಡಬೇಕಾದ ಗಾಯ ಅದು.

ನಟ್ಟುಗಳನ್ನು ಬಿಗಿದೆ. ಗುಂಡಿ ಒತ್ತಿದಾಗ ಹೊಗೆ ಕೊಳವೆಯ ತುದಿಯಲ್ಲಿ ಬಿಳಿ ಮೋಡ. ಒಂದು ಸಿಲಿಂಡರ್ ಕೆಮ್ಮಿತು, ಇನ್ನೊಂದು ಸೀನಿತು, ಆಮೇಲೆ ಆರೂ ಸೇರಿ ನೆಲ ನಡುಗಿಸಿದವು. ಬ್ರೇಕಿಗೆ ಬೇಕಾದ ಗಾಳಿ ಇನ್ನೂ ತುಂಬಿಲ್ಲವೆಂದು ಕ್ಯಾಬಿನ್ನಿನ ಬಜರು ಅರಚಿಕೊಳ್ಳುತ್ತಿತ್ತು. ಪಕ್ಕದ ಮನೆಯ ನಾಯಿ ಅದಕ್ಕೆ ಉತ್ತರ ಕೊಟ್ಟಿತು.

ತೊಟ್ಟಿಕ್ಕದ ಸೋರಿಕೆ

ಮರುದಿನ ಬೆಳಿಗ್ಗೆ ಮತ್ತೆ ಹೊಗೆಯಿಲ್ಲ.

ಏರ್ ತೆಗೆಯುವುದು ಬರುವವರು ಬಹಳ ಮಂದಿ, ಅದು ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ಫಿಲ್ಟರಿನ ಗಾಳಿ ನಿನ್ನೆಯೇ ಹೋಗಿತ್ತು, ಇದು ರಾತ್ರಿ ಹೊಸದಾಗಿ ಬಂದದ್ದು. ಲಾರಿಯ ಕೆಳಗೆ ರಟ್ಟು ಹಾಸಿ ನೋಡಿದೆವು, ಒಂದು ಹನಿ ಡೀಸೆಲ್ ಬಿದ್ದಿರಲಿಲ್ಲ. ‘ಎಲ್ಲೂ ಲೀಕ್ ಇಲ್ಲ ಮಾವ’ ಅಂದ. ಎಣ್ಣೆ ಹೊರಬರುವ ಸೋರಿಕೆ ಇಲ್ಲ ನಿಜ. ಗಾಳಿ ಒಳಹೋಗುವ ಸೋರಿಕೆ ರಟ್ಟಿನ ಮೇಲೆ ಕಲೆ ಬಿಡುವುದಿಲ್ಲ.

ಡ್ಯಾಶ್‌ಬೋರ್ಡಿನ ಸ್ವಿಚ್ಚು ಹಾಕಿ, ಟ್ಯಾಂಕಿನ ಮೇಲೆ ಕಿವಿಯಿಟ್ಟೆ. ಈ ಲಾರಿಯ ಟ್ಯಾಂಕಿನೊಳಗೆ ಒಂದು ವಿದ್ಯುತ್ ಪಂಪು ಇರುತ್ತದೆ. ಸ್ವಿಚ್ಚು ಹಾಕಿದರೆ ಜೇನುಗೂಡಿನಂತೆ ಗುಂಯ್‌ಗುಟ್ಟಿ ಡೀಸೆಲ್ಲನ್ನು ಮುಂದಕ್ಕೆ ನೂಕಬೇಕು. ಏನೂ ಕೇಳಿಸಲಿಲ್ಲ. ಅದು ಸತ್ತು ಎಷ್ಟು ಕಾಲವಾಗಿತ್ತೋ. ಅದಿಲ್ಲದಿದ್ದರೂ ಲಾರಿ ಓಡುತ್ತದೆ, ಏಕೆಂದರೆ ಎಂಜಿನ್ ಬದಿಯ ಪಂಪು ಎಣ್ಣೆಯನ್ನು ತಾನೇ ಹೀರಿಕೊಳ್ಳುತ್ತದೆ. ವ್ಯತ್ಯಾಸ ಇರುವುದು ಇಲ್ಲೇ. ಹಿಂದಿನಿಂದ ನೂಕುವಾಗ ಹೋಸಿನೊಳಗೆ ಒತ್ತಡ ಹೆಚ್ಚು, ಬಿರುಕಿದ್ದರೆ ಡೀಸೆಲ್ ಹೊರಗೆ ಬರುತ್ತದೆ. ಮುಂದಿನಿಂದ ಹೀರುವಾಗ ಒಳಗೆ ಒತ್ತಡ ಕಡಿಮೆ, ಅದೇ ಬಿರುಕಿನಿಂದ ಗಾಳಿ ಒಳಗೆ ನುಗ್ಗುತ್ತದೆ. ಎಳನೀರಿನ ಸ್ಟ್ರಾ ಸೀಳಿದ್ದರೆ ಬಾಯಿಗೆ ಬರೀ ಗಾಳಿ ಬರುವುದಿಲ್ಲವೇ, ಹಾಗೆ. ಗಾಳಿ ಡೀಸೆಲ್‌ಗಿಂತ ನೂರು ಪಟ್ಟಿಗೂ ಹೆಚ್ಚು ತೆಳುವಾಗಿ ಹರಿಯುವಂಥದ್ದು. ಚಳಿಗೆ ಮಂದವಾದ ಡೀಸೆಲ್ ಒಸರಲಾರದ ಸಂದಿನಲ್ಲಿ ಅದು ಸಲೀಸಾಗಿ ದಾಟುತ್ತದೆ. ರಾತ್ರಿ ಲಾರಿ ಮಲಗಿದಾಗ ಬಿರುಕಿನಿಂದ ಗಾಳಿ ಒಳಸೇರಿ, ಕೊಳವೆಯಲ್ಲಿ ನಿಂತಿದ್ದ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಹಿಂದಿರುಗುತ್ತದೆ. ಓಡುತ್ತಿದ್ದಾಗ ಚೆನ್ನಾಗಿದ್ದು ಬೆಳಿಗ್ಗೆ ಮಾತ್ರ ಮುಷ್ಕರ ಹೂಡುವ ಲಾರಿಗಳ ಗುಟ್ಟು ಬಹುಪಾಲು ಇದೇ.

ಟ್ಯಾಂಕಿನ ಪಕ್ಕದ ರಬ್ಬರ್ ಹೋಸನ್ನು ಬಿಚ್ಚಿ ಹೊಸದು ಹಾಕಿದೆವು. ಟ್ಯಾಂಕಿನ ಪಂಪನ್ನು ತರಿಸಬೇಕಿತ್ತು, ಅದು ಮುಂದಿನ ವಾರದ ಮಾತು. ಕಿತ್ತ ಹೋಸನ್ನು ನಾನು ತಿರುಗಿಸಿ ತಿರುಗಿಸಿ ನೋಡಿದೆ. ಬಗ್ಗಿಸಿದರೂ ಬಿರುಕು ಕಾಣಲಿಲ್ಲ, ಕನ್ನಡಕ ಹಾಕಿದರೂ ಕಾಣಲಿಲ್ಲ. ಅಳಿಯನಿಗೆ ಅನುಮಾನ ಬಂತು. ತಪ್ಪಿಲ್ಲದ ಹೋಸನ್ನು ಬಿಸಾಡುತ್ತಿದ್ದೇವೇನೋ ಅಂದ.

‘ಒಂದು ಬಕೆಟ್ ನೀರು ತಗೊಂಡು ಬಾ’ ಅಂದೆ.

ತಂದ. ಹೋಸಿನ ಒಂದು ತುದಿಗೆ ಹೆಬ್ಬೆಟ್ಟು ಒತ್ತಿ ನೀರಿನಲ್ಲಿ ಮುಳುಗಿಸಿದ. ಇನ್ನೊಂದು ತುದಿಗೆ ಸೈಕಲ್ ಪಂಪಿನ ಮೂತಿ ತೂರಿಸಿ, ಬಟ್ಟೆ ಸುತ್ತಿ ಬಿಗಿ ಹಿಡಿದು, ನಾನು ಮೆಲ್ಲಗೆ ಒತ್ತಿದೆ. ಕ್ಲಿಪ್ಪು ಕೂರುತ್ತಿದ್ದ ಜಾಗದಿಂದ ಒಂದು ಬೆರಳಿನಷ್ಟು ಕೆಳಗೆ, ಸೂಜಿಮೊನೆಯಷ್ಟು ಸಣ್ಣದೊಂದು ಗುಳ್ಳೆ ಹುಟ್ಟಿ, ರಬ್ಬರಿಗೆ ಅಂಟಿಕೊಂಡೇ ದಪ್ಪಗಾಗಿ, ಬಿಟ್ಟುಕೊಂಡು ಮೇಲೆ ಬಂತು. ಅದರ ಹಿಂದೆ ಇನ್ನೊಂದು.